ರೀಬೂಟ್ ಮಾಡಿದರೆ ಪ್ರೊಫೈಲ್ ಓದಲ್ಲ ಸ್ವಾಮಿ!

ಪಾರ್ಟಿಶನ್ ಮಾಡಿದ ಸರ್ವರ್‌ಗಳ, ಅಂದರೆ ಒಂದೇ ಯಂತ್ರವನ್ನು ಹಲವು ಸರ್ವರ್‌ಗಳಂತೆ ಹಂಚಿದವುಗಳ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಪ್ರಶ್ನೆ: ಪ್ರೊಫೈಲ್ (ಪಾರ್ಟಿಶನ್‌ಗೆ ಎಷ್ಟು ಮೆಮೊರಿ, ಪ್ರೊಸೆಸರ್, ಯಾವ ಅಡಾಪ್ಟರ್ ಅಂತ ಬರೆದಿಟ್ಟ ಪಟ್ಟಿ) ತಿದ್ದಿ ರೀಬೂಟ್ ಮಾಡಿದೆ, ಬದಲಾವಣೆ ಯಾಕೆ ಬರಲಿಲ್ಲ? ಹೆಸರು ಬೇರೆ, ಊರು ಬೇರೆ, ಗೋಳು ಅದೇ. ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗಳಿಗೆ ಕೆಲಸ ಮಾಡುವ ಹುಡುಗರು ಜಾಸ್ತಿ ಆದಮೇಲಂತೂ ರಾತ್ರಿ ಹನ್ನೊಂದಕ್ಕೂ ಮೆಸೇಜ್ ಬರುತ್ತದೆ. ಅದಕ್ಕೇ ಈ ಸಲ ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡು ಕೂತಿದ್ದೇನೆ. ಎಲ್‌ಪಾರ್ (ಇಂಥ ಒಂದು ಪಾರ್ಟಿಶನ್), ಎಚ್‌ಎಂಸಿ (ಪಾರ್ಟಿಶನ್‌ಗಳನ್ನು ನಿಯಂತ್ರಿಸುವ ಕನ್ಸೋಲ್) ಬಗ್ಗೆ ಇದಕ್ಕಿಂತ ಜಾಸ್ತಿ ಪಾಠ ಹೇಳಲ್ಲ. ಅವು ಸರಿಯಾಗಿ ಗೊತ್ತಿಲ್ಲದವರು ಆ ಯಂತ್ರದ ಹತ್ತಿರ ಹೋಗಬಾರದು. ಇಲ್ಲಿ ಬರೆದಿರುವುದು ಐಬಿಎಂ ಪವರ್ ಸರ್ವರ್‌ಗಳಿಗೆ ಮಾತ್ರ.

ಪ್ರಶ್ನೆ: ಸರ್, ಚಿತ್ರದುರ್ಗದ ಒಂದು ಸಹಕಾರಿ ಬ್ಯಾಂಕಿನಲ್ಲಿ ಸಿಸ್ಟಂ ನೋಡಿಕೊಳ್ಳುತ್ತೇನೆ. ಪವರ್8 ಯಂತ್ರ, ಎರಡು ವಿಐಒಎಸ್ (ಉಳಿದ ಪಾರ್ಟಿಶನ್‌ಗಳಿಗೆ ಡಿಸ್ಕ್, ನೆಟ್‌ವರ್ಕ್ ಹಂಚುವ ಪಾರ್ಟಿಶನ್), ನಾಲ್ಕು ಏಐಎಕ್ಸ್ (ಐಬಿಎಂನ ಯುನಿಕ್ಸ್) ಪಾರ್ಟಿಶನ್. ಡಿಸ್ಕ್ ಎಲ್ಲ ಸ್ಯಾನ್‌ನಿಂದ (ಸ್ಟೋರೇಜ್‌ನ ಪ್ರತ್ಯೇಕ ನೆಟ್‌ವರ್ಕ್) ಎನ್‌ಪಿಐವಿ (ಒಂದೇ ಫೈಬರ್ ಪೋರ್ಟನ್ನು ಹಲವು ಪಾರ್ಟಿಶನ್ ಹಂಚಿಕೊಳ್ಳುವ ವಿಧಾನ) ಮೂಲಕ ಬರುತ್ತವೆ. ಮುಂದಿನ ಭಾನುವಾರ ಯುಪಿಎಸ್ ಬ್ಯಾಟರಿ ಬದಲಾಯಿಸುತ್ತಾರೆ, ಸರ್ವರ್ ಪೂರ್ತಿ ಆಫ್ ಮಾಡಬೇಕು. ಹೇಗೂ ಆಫ್ ಆಗುತ್ತಲ್ಲ, ಡೇಟಾಬೇಸ್ ಪಾರ್ಟಿಶನ್‌ನ ಮೆಮೊರಿಯನ್ನೂ ಆಗಲೇ 32 ಜಿಬಿಯಿಂದ 48 ಮಾಡೋಣ ಅನ್ನುತ್ತಾರೆ ಮ್ಯಾನೇಜರ್. ಕಳೆದ ತಿಂಗಳು ಪ್ರೊಫೈಲ್‌ನಲ್ಲಿ 48 ಹಾಕಿ ರೀಬೂಟ್ ಮಾಡಿದ್ದೆ, 32 ಹಾಗೇ ಇತ್ತು. ಯಂತ್ರ ಕೆಟ್ಟಿದೆಯಾ?

ಉತ್ತರ: ಯಂತ್ರ ಸರಿಯಾಗಿದೆ. ಏಐಎಕ್ಸ್ ಒಳಗಿಂದ ರೀಬೂಟ್ ಮಾಡಿದರೆ ಆಪರೇಟಿಂಗ್ ಸಿಸ್ಟಂ ಮಾತ್ರ ಎದ್ದು ಕೂರುತ್ತದೆ, ಪಾರ್ಟಿಶನ್ ಕೆಳಗಿಳಿಯುವುದೇ ಇಲ್ಲ. ಹಾಗಾಗಿ ಪ್ರೊಫೈಲನ್ನು ಯಾರೂ ತೆರೆದು ನೋಡುವುದಿಲ್ಲ. ಎಚ್‌ಎಂಸಿಯಲ್ಲಿ ಆ ಪಾರ್ಟಿಶನ್ 'ನಾಟ್ ಆಕ್ಟಿವೇಟೆಡ್' ಅಂತ ಬರುವವರೆಗೆ ಇಳಿಸಿ, ಆಮೇಲೆ ಆ ಪ್ರೊಫೈಲ್ ಆರಿಸಿ ಆಕ್ಟಿವೇಟ್ ಮಾಡಿದಾಗಲೇ 48 ಬರುವುದು. ಹೋಟೆಲ್ ಗೋಡೆಯ ಬೋರ್ಡ್ ಬೇರೆ, ಅವತ್ತು ಅಡುಗೆಮನೆಯಲ್ಲಿ ಇರುವುದು ಬೇರೆ, ಅಲ್ವಾ? ಪ್ರೊಫೈಲ್ ಅಂದರೆ ಆ ಬೋರ್ಡ್. ನೀವು ಬೋರ್ಡ್ ತಿದ್ದಿ ಬಂದಿದ್ದೀರಿ, ಅಷ್ಟೇ.

ಈಗ ಭಯ ಪಡಬೇಕಾದ ವಿಷಯಕ್ಕೆ ಬನ್ನಿ. ಕಳೆದ ತಿಂಗಳು ಬರೆದಿಟ್ಟ ಆ 48 ಅಲ್ಲೇ ಕಾದು ಕೂತಿದೆ. ಭಾನುವಾರ ಸಂಜೆ ಯಾರೋ ಅವಸರದಲ್ಲಿ ಪ್ರೊಫೈಲ್ ಆರಿಸಿ ಆನ್ ಮಾಡಿದರೆ ಡೇಟಾಬೇಸ್ ಪಾರ್ಟಿಶನ್ ಮೊದಲು ಎದ್ದು 48 ಎತ್ತಿಕೊಳ್ಳುತ್ತದೆ. ಯಂತ್ರದಲ್ಲಿ ಅಷ್ಟು ಖಾಲಿ ಮೆಮೊರಿ ಇಲ್ಲದಿದ್ದರೆ ಕೊನೆಗೆ ಏಳುವ ಪಾರ್ಟಿಶನ್‌ಗೆ ಕೇಳಿದಷ್ಟು ಸಿಗಲ್ಲ. ಅದರ ಪ್ರೊಫೈಲ್‌ನಲ್ಲಿ ಬರೆದ ಮಿನಿಮಮ್ ಅಂಕಿಯಷ್ಟೂ ಇಲ್ಲ ಅಂದರೆ ಅದು ಏಳುವುದೇ ಇಲ್ಲ. ನೀವು ಬೈಯುವುದು ಬ್ಯಾಟರಿ ಹಾಕಲು ಬಂದವನನ್ನು!

ಇದೇ ಜಾತಿಯ ಇನ್ನೊಂದು ಗುಂಡಿ ಎನ್‌ಪಿಐವಿಯದ್ದು, ಇದಕ್ಕೆ ಬಿದ್ದವರು ಬಹಳ ಜನ. ಪಾರ್ಟಿಶನ್ ಓಡುತ್ತಿರುವಾಗಲೇ ಡಿಎಲ್‌ಪಾರ್‌ನಲ್ಲಿ (ಆಫ್ ಮಾಡದೆ ಬದಲಾಯಿಸುವ ಸೌಲಭ್ಯ) ಒಂದು ವರ್ಚುವಲ್ ಫೈಬರ್ ಚಾನೆಲ್ ಅಡಾಪ್ಟರ್ ಸೇರಿಸಿರುತ್ತಾರೆ. ಅದಕ್ಕೆ ಎರಡು ಡಬ್ಲ್ಯುಡಬ್ಲ್ಯುಪಿಎನ್ (ಸ್ಯಾನ್‌ನಲ್ಲಿ ಅಡಾಪ್ಟರಿನ ಗುರುತಿನ ನಂಬರ್) ಹುಟ್ಟುತ್ತವೆ, ಸ್ಟೋರೇಜ್‌ನವರು ಅದೇ ನಂಬರಿಗೆ ಝೋನಿಂಗ್ (ಯಾರು ಯಾವ ಸ್ಟೋರೇಜ್ ನೋಡಬಹುದು ಅನ್ನುವ ಅನುಮತಿ) ಮಾಡಿ ಡಿಸ್ಕ್ ಕೊಟ್ಟಿರುತ್ತಾರೆ, ಎಲ್ಲ ಚೆನ್ನಾಗಿ ನಡೆಯುತ್ತದೆ. ಆಮೇಲೆ ಯಾರೋ ಶಿಸ್ತಿನ ಮನುಷ್ಯ ಪ್ರೊಫೈಲ್ ತೆರೆದು ಅದೇ ಅಡಾಪ್ಟರನ್ನು ಕೈಯಲ್ಲಿ ಇನ್ನೊಮ್ಮೆ ಸೇರಿಸುತ್ತಾನೆ. ಎಚ್‌ಎಂಸಿ ಅದನ್ನು ಹೊಸ ಅಡಾಪ್ಟರ್ ಅಂದುಕೊಂಡು ಹೊಸ ಜೋಡಿ ನಂಬರ್ ಕೊಡುತ್ತದೆ. ಹೆಚ್ಚುಕಡಿಮೆ ಒಂದೇ ಥರ ಕಾಣುವ 16 ಅಕ್ಷರ, ಎರಡೂ ಸಿ0507 ಅಂತಲೇ ಶುರು, ಕೊನೆಯಲ್ಲಿ ಎಲ್ಲೋ ವ್ಯತ್ಯಾಸ. ಅದು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳಲ್ಲ. ಪ್ರೊಫೈಲ್‌ನಿಂದ ಆಕ್ಟಿವೇಟ್ ಮಾಡಿದ ದಿನ ಸ್ಯಾನ್ ಆ ನಂಬರನ್ನು ಗುರುತೇ ಹಿಡಿಯಲ್ಲ, ಡಿಸ್ಕ್ ಮಾಯ.

ಹಾಗಾಗಿ ಈ ವಾರವೇ ಮಾಡಬೇಕಾದ ಕೆಲಸ ಇದು. ಪ್ರತಿ ಪಾರ್ಟಿಶನ್‌ದೂ ಈಗ ಓಡುತ್ತಿರುವ ಅಂಕಿಯನ್ನು ಪ್ರೊಫೈಲ್ ಪಕ್ಕ ಇಟ್ಟು ನೋಡಿ: ಮೆಮೊರಿ, ಪ್ರೊಸೆಸರ್, ಅಡಾಪ್ಟರ್ ನಂಬರ್, ಡಬ್ಲ್ಯುಡಬ್ಲ್ಯುಪಿಎನ್. ವಿಐಒಎಸ್ ಎರಡನ್ನೂ ನೋಡಿ, ಅವನ್ನೇ ಎಲ್ಲರೂ ಮರೆಯುವುದು. ವ್ಯತ್ಯಾಸ ಇದ್ದರೆ ಕೈಯಲ್ಲಿ ತಿದ್ದಲು ಹೋಗಬೇಡಿ, 'ಸೇವ್ ಕರೆಂಟ್ ಕಾನ್ಫಿಗರೇಶನ್' ಕೊಟ್ಟು ಹೊಸ ಹೆಸರಿನ ಪ್ರೊಫೈಲ್ ಮಾಡಿ, ಹೆಸರಲ್ಲಿ ತಾರೀಖು ಇರಲಿ. ನಂತರ ಎಚ್‌ಎಂಸಿಯಲ್ಲಿ ಪ್ರೊಫೈಲ್ ಡೇಟಾದ ಬ್ಯಾಕಪ್, ವಿಐಒಎಸ್‌ಗಳಲ್ಲಿ ಮ್ಯಾಪಿಂಗ್ ಬ್ಯಾಕಪ್, ಏಐಎಕ್ಸ್‌ಗಳಲ್ಲಿ ಎಂಕೆಸಿಸ್‌ಬಿ (ಇಡೀ ಆಪರೇಟಿಂಗ್ ಸಿಸ್ಟಂನ ಬ್ಯಾಕಪ್). ಎಂಕೆಸಿಸ್‌ಬಿಯನ್ನು ಅದೇ ಯಂತ್ರದ ಇನ್ನೊಂದು ಪಾರ್ಟಿಶನ್‌ನಲ್ಲಿ ಇಟ್ಟು ಬ್ಯಾಕಪ್ ಆಯಿತು ಅನ್ನುವವರೂ ಇದ್ದಾರೆ, ಅವರಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಏಐಎಕ್ಸ್ ಒಳಗೂ ಇದೇ ಕಥೆ. ಯಾರೋ ಇಫ್‌ಕಾನ್ಫಿಗ್ ಅನ್ನುವ ನೆಟ್‌ವರ್ಕ್ ಕಮಾಂಡ್‌ನಲ್ಲಿ ಒಂದು ಐಪಿ ಸೇರಿಸಿರುತ್ತಾರೆ, ಕಮಾಂಡ್ ಕೊಟ್ಟು ಒಂದು ರೂಟ್ ಹಾಕಿರುತ್ತಾರೆ. ಅದು ಓಡಿಎಂಗೆ (ಏಐಎಕ್ಸ್ ತನ್ನ ಸೆಟ್ಟಿಂಗ್ ಉಳಿಸಿಡುವ ಜಾಗ) ಹೋಗಿರಲ್ಲ, ಆಫ್ ಆದರೆ ಹೋಯಿತು. ಕೈಯಲ್ಲಿ ಮೌಂಟ್ ಮಾಡಿದ ಫೈಲ್ ಸಿಸ್ಟಂ, ಕೈಯಲ್ಲಿ ಎಬ್ಬಿಸಿದ ಸರ್ವೀಸ್ ಕೂಡ ತಾನಾಗಿ ವಾಪಸ್ ಬರಲ್ಲ. ಬೂಟ್‌ಲಿಸ್ಟ್‌ನಲ್ಲಿರುವ (ಯಾವ ಡಿಸ್ಕಿನಿಂದ ಏಳಬೇಕು ಅನ್ನುವ ಪಟ್ಟಿ) ಡಿಸ್ಕ್ ಇನ್ನೂ ರೂಟ್‌ವಿಜಿಯಲ್ಲೇ (ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕ್ ಗುಂಪು) ಇದೆಯಾ ಅಂತಲೂ ನೋಡಿ. ವರ್ಷಗಟ್ಟಲೆ ಆಫ್ ಆಗದ ಯಂತ್ರದ ಬಗ್ಗೆ ಜನ ಜಂಬ ಪಡುತ್ತಾರೆ, ನನಗೆ ಅಂಥ ಯಂತ್ರ ಕಂಡರೆ ಹೆದರಿಕೆ.

ಇನ್ನು ಆ 48. ಭಾನುವಾರ ಬೇಡ. ನಿಮ್ಮ ಮ್ಯಾನೇಜರ್‌ಗೆ ನನ್ನ ಹೆಸರು ಹೇಳಿಯೇ ಬೇಡ ಅನ್ನಿ. ಆಫ್ ಮಾಡುವ ದಿನ ಬೇರೇನನ್ನೂ ಮುಟ್ಟಬಾರದು. ಮುಟ್ಟಿದರೆ, ಏಳದಿದ್ದಾಗ ಕಾರಣ ಕರೆಂಟಾ, ಸ್ಯಾನಾ, ನೀವು ಮಾಡಿದ ಬದಲಾವಣೆಯಾ ಅಂತ ಹುಡುಕುತ್ತಾ ಸೋಮವಾರ ಬೆಳಗಾಗುತ್ತದೆ, ಹೊರಗೆ ಪಿಂಚಣಿಯವರು ಸಾಲು ನಿಂತಿರುತ್ತಾರೆ. ಈಗ ಓಡುತ್ತಿರುವ ಕಾನ್ಫಿಗರೇಶನ್‌ನಲ್ಲಿ ಮ್ಯಾಕ್ಸಿಮಮ್ 48 ಅಥವಾ ಜಾಸ್ತಿ ಇದ್ದು, ಯಂತ್ರದಲ್ಲಿ 16 ಜಿಬಿ ಖಾಲಿ ಇದ್ದರೆ ಆಫ್ ಮಾಡುವ ಅಗತ್ಯವೇ ಇಲ್ಲ. 2002ರಲ್ಲಿ ಏಐಎಕ್ಸ್ 5.2 ಬಂದಾಗಿನಿಂದ ಪಾರ್ಟಿಶನ್ ಓಡುತ್ತಿರುವಾಗಲೇ ಮೆಮೊರಿ ಸೇರಿಸಬಹುದು. ಭಾನುವಾರ ಕಳೆದು ಎಲ್ಲ ನೆಟ್ಟಗೆ ನಡೆಯುತ್ತಿದೆ ಅಂತ ಖಾತ್ರಿಯಾದ ಮೇಲೆ ಒಂದು ಸಂಜೆ ಸೇರಿಸಿ, ತಕ್ಷಣ ಕರೆಂಟ್ ಕಾನ್ಫಿಗರೇಶನ್ ಸೇವ್ ಮಾಡಿ. ಮ್ಯಾಕ್ಸಿಮಮ್ 48ಕ್ಕಿಂತ ಕಡಿಮೆ ಇದ್ದರೆ ಮಾತ್ರ ಪ್ರೊಫೈಲ್ ತಿದ್ದಿ ಆ ಒಂದು ಪಾರ್ಟಿಶನ್ ಇಳಿಸಿ ಏರಿಸಬೇಕು, ಅದನ್ನೂ ಬೇರೆ ದಿನವೇ ಮಾಡಿ.

ಭಾನುವಾರದ ಕ್ರಮ ಸರಳ. ಮೊದಲು ಅಪ್ಲಿಕೇಶನ್, ಆಮೇಲೆ ಡೇಟಾಬೇಸ್, ಆಮೇಲೆ ಒಳಗಿಂದಲೇ ಶಟ್‌ಡೌನ್ ಕೊಟ್ಟು ನಾಲ್ಕೂ ಏಐಎಕ್ಸ್. ನಾಲ್ಕೂ 'ನಾಟ್ ಆಕ್ಟಿವೇಟೆಡ್' ಅಂತ ಕಣ್ಣಾರೆ ನೋಡಿದ ಮೇಲೆ ವಿಐಒಎಸ್‌ಗಳು. ಎಲ್ಲರ ಡಿಸ್ಕೂ ಅವುಗಳ ಮೂಲಕವೇ ಬರುವುದು, ಅವು ಮೊದಲು ಹೋದರೆ ಡೇಟಾಬೇಸ್ ಬರೆಯುತ್ತಿರುವಾಗಲೇ ಕೆಳಗಿನ ನೆಲ ಹೋದಂತೆ. ನಂತರ ಇಡೀ ಸಿಸ್ಟಂ ನಾರ್ಮಲ್ ಪವರ್ ಆಫ್, ಅದಾದ ಮೇಲೆ ಸ್ಟೋರೇಜ್, ಸ್ಯಾನ್ ಸ್ವಿಚ್. ಏರಿಸುವಾಗ ಉಲ್ಟಾ. ಸ್ವಿಚ್, ಸ್ಟೋರೇಜ್ ಪೂರ್ತಿ ತಯಾರಾಗುವವರೆಗೆ ಕಾಯಿರಿ. ಸರ್ವರ್‌ಗೆ ವೈರ್ ಚುಚ್ಚಿದ ಕೂಡಲೇ ಎಚ್‌ಎಂಸಿಯಲ್ಲಿ ಕಾಣಲಿಲ್ಲ ಅಂತ ಕಿತ್ತು ಮತ್ತೆ ಚುಚ್ಚಬೇಡಿ, ಸರ್ವೀಸ್ ಪ್ರೊಸೆಸರ್ (ಎಚ್‌ಎಂಸಿ ಜೊತೆ ಮಾತಾಡುವ ಒಳಗಿನ ಪುಟ್ಟ ಕಂಪ್ಯೂಟರ್) ಎದ್ದೇಳಲು ಕೆಲವು ನಿಮಿಷ ಬೇಕು. ಯಂತ್ರವನ್ನು ಸ್ಟ್ಯಾಂಡ್‌ಬೈವರೆಗೆ ಮಾತ್ರ ತನ್ನಿ, ಪಾರ್ಟಿಶನ್‌ಗಳು ತಾವಾಗಿ ಏಳುವಂತೆ ಬಿಡಬೇಡಿ. ವಿಐಒಎಸ್ ಎರಡೂ ಎದ್ದು ಮ್ಯಾಪಿಂಗ್ ಸರಿ ಇದೆ ಅಂತ ನೋಡಿ, ಆಮೇಲೆ ಒಂದೊಂದೇ ಏಐಎಕ್ಸ್. ಆಕ್ಟಿವೇಟ್ ಮಾಡುವಾಗ 'ಕರೆಂಟ್ ಕಾನ್ಫಿಗರೇಶನ್' ಆರಿಸಿ, ಕೊನೆಗೆ ಓಡುತ್ತಿದ್ದದ್ದೇ ವಾಪಸ್ ಬರುತ್ತದೆ. ಅದು ಕೈ ಕೊಟ್ಟರೆ ತಾರೀಖು ಹಾಕಿದ ಪ್ರೊಫೈಲ್ ಇದ್ದೇ ಇದೆ.

ಪ್ರಶ್ನೆ: ಮೊದಲನೇ ವಿಐಒಎಸ್ ರೀಬೂಟ್ ಮಾಡಿದೆ, ಏನೂ ಆಗಲಿಲ್ಲ. ಅರ್ಧ ಗಂಟೆ ಬಿಟ್ಟು ಎರಡನೇದು ಮಾಡಿದೆ, ಎಲ್ಲ ಪಾರ್ಟಿಶನ್ ಹ್ಯಾಂಗ್. ಎರಡು ವಿಐಒಎಸ್ ಇದ್ದು ಏನು ಪ್ರಯೋಜನ? (ಹರಿಹರ)

ಉತ್ತರ: ಮೊದಲನೇದು ಎದ್ದ ಮೇಲೆ ಪಾರ್ಟಿಶನ್‌ಗಳಲ್ಲಿ ಎಲ್‌ಎಸ್‌ಪಾತ್ (ಡಿಸ್ಕಿಗೆ ಹೋಗುವ ದಾರಿಗಳ ಸ್ಥಿತಿ ತೋರಿಸುವ ಕಮಾಂಡ್) ಕೊಟ್ಟು ನೋಡಿದಿರಾ? ಇಲ್ಲ, ಅಲ್ವಾ? ವಿಎಸ್‌ಸಿಎಸ್‌ಐ (ವಿಐಒಎಸ್ ಹಂಚುವ ವರ್ಚುವಲ್ ಡಿಸ್ಕ್) ಡಿಸ್ಕ್‌ಗಳಿಗೆ ಎಚ್‌ಚೆಕ್ ಇಂಟರ್ವಲ್ (ಎಷ್ಟು ಸೆಕೆಂಡಿಗೊಮ್ಮೆ ದಾರಿ ಪರೀಕ್ಷಿಸಬೇಕು) ಅಂತ ಒಂದು ಸೆಟ್ಟಿಂಗ್ ಇದೆ, ಹಳೆಯ ಏಐಎಕ್ಸ್‌ಗಳಲ್ಲಿ ಅದು ತಾನಾಗಿ 0 ಇರುತ್ತದೆ. 0 ಅಂದರೆ ಬಿದ್ದ ದಾರಿ ಮತ್ತೆ ಸರಿಹೋಯಿತಾ ಅಂತ ಯಾರೂ ತಿರುಗಿ ನೋಡಲ್ಲ, 'ಫೇಲ್ಡ್' ಅಂತಲೇ ಉಳಿಯುತ್ತದೆ. ಉಳಿದ ಒಂದೇ ದಾರಿಯನ್ನು ನೀವೇ ಮುಚ್ಚಿದಿರಿ. ಅದನ್ನು 60 ಮಾಡಿ, ಪಾರ್ಟಿಶನ್ ರೀಬೂಟ್ ಆದಮೇಲೆ ಜಾರಿಗೆ ಬರುತ್ತದೆ. 60 ಮಾಡಿದ ಮೇಲೂ ಪ್ರತಿ ಪಾರ್ಟಿಶನ್‌ನಲ್ಲಿ ಎಲ್ಲ ದಾರಿ 'ಎನೇಬಲ್ಡ್' ಅಂತ ನೋಡದೆ ಎರಡನೇ ವಿಐಒಎಸ್ ಮುಟ್ಟಬೇಡಿ.

ಪ್ರಶ್ನೆ: ಮುಂದೆ ಬೇಕಾಗಬಹುದು ಅಂತ ಮ್ಯಾಕ್ಸಿಮಮ್ ಮೆಮೊರಿ 512 ಜಿಬಿ ಹಾಕಿಟ್ಟಿದ್ದೇವೆ. ತೊಂದರೆ ಇಲ್ಲ ತಾನೆ?

ಉತ್ತರ: ಇದೆ. ಸುಮ್ನೆ ಬರೆದಿಟ್ಟರೆ ಪುಕ್ಕಟೆ ಅಂದುಕೊಂಡಿರಾ? ಆ ಮ್ಯಾಕ್ಸಿಮಮ್‌ಗೆ ತಕ್ಕಂತೆ ಹೈಪರ್‌ವೈಸರ್ (ಯಂತ್ರವನ್ನು ಪಾರ್ಟಿಶನ್‌ಗಳಿಗೆ ಹಂಚುವ ಒಳಗಿನ ಸಾಫ್ಟ್‌ವೇರ್) ಪೇಜ್ ಟೇಬಲ್‌ಗೆ (ಮೆಮೊರಿ ಎಲ್ಲೆಲ್ಲಿದೆ ಅನ್ನುವ ಪಟ್ಟಿಗೆ) ಜಾಗ ತೆಗೆದಿಡುತ್ತದೆ. 64ಕ್ಕೆ 1ರ ಲೆಕ್ಕದ ಯಂತ್ರದಲ್ಲಿ 512ಕ್ಕೆ 8 ಜಿಬಿ ಯಾರಿಗೂ ಸಿಗದೆ ಹೋಯಿತು.

ಪ್ರಶ್ನೆ: ಡಿಎಲ್‌ಪಾರ್ ಮಾಡಿದರೆ ಎರರ್. ಎಚ್‌ಎಂಸಿಯಲ್ಲಿ ಆರ್‌ಎಂಸಿ (ಎಚ್‌ಎಂಸಿ ಮತ್ತು ಪಾರ್ಟಿಶನ್ ನಡುವಿನ ನೆಟ್‌ವರ್ಕ್ ಸಂಪರ್ಕ) ಇನ್‌ಆಕ್ಟಿವ್ ಅಂತ ಬರುತ್ತದೆ. ಪಾರ್ಟಿಶನ್ ರೀಬೂಟ್ ಮಾಡಲೇ?

ಉತ್ತರ: ಬೇಡ. ಫೈರ್‌ವಾಲ್‌ನವರನ್ನು ಹಿಡಿಯಿರಿ, 657 ಪೋರ್ಟ್, ಟಿಸಿಪಿ ಮತ್ತು ಯುಡಿಪಿ ಎರಡೂ.

ಪ್ರಶ್ನೆ: ಎಚ್‌ಎಂಸಿಯಲ್ಲಿ 'ಇಮ್ಮಿಡಿಯೇಟ್' ಶಟ್‌ಡೌನ್ ಬೇಗ ಆಗುತ್ತದೆ. ದಿನಾ ಅದನ್ನೇ ಬಳಸಬಹುದಾ?

ಉತ್ತರ: ಅದು ಆಪರೇಟಿಂಗ್ ಸಿಸ್ಟಂಗೆ ಒಂದು ಮಾತೂ ಹೇಳದೆ ಕರೆಂಟ್ ಕಿತ್ತ ಹಾಗೆ. ದಿನಾ ಯಾಕೆ ಆಫ್ ಮಾಡುತ್ತೀರಿ, ಅದನ್ನು ಮೊದಲು ಹೇಳಿ.

ಪ್ರಶ್ನೆ: ನಮ್ಮ ಎಎಂಸಿಯವರು ತಿಂಗಳಿಗೊಮ್ಮೆ ಸರ್ವರ್ ಪೂರ್ತಿ ಆಫ್ ಮಾಡಿ, ರ‍್ಯಾಮ್ ಫ್ರೆಶ್ ಆಗುತ್ತದೆ ಅನ್ನುತ್ತಾರೆ. (ದಾವಣಗೆರೆ)

ಉತ್ತರ: ಎಎಂಸಿಯವರನ್ನು ಬದಲಾಯಿಸಿ. ಹಳೆಯ ಡಿಸ್ಕ್, ಫ್ಯಾನ್, ಪವರ್ ಸಪ್ಲೈ ಕೈ ಕೊಡುವುದೇ ಹೀಗೆ ತಣ್ಣಗಾಗಿ ಮತ್ತೆ ಏಳುವಾಗ. ಫರ್ಮ್‌ವೇರ್ ಅಪ್‌ಡೇಟ್‌ಗೆ, ಕರೆಂಟ್ ಕೆಲಸಕ್ಕೆ ಆಫ್ ಮಾಡಿ, ಯಾರೋ ಹೇಳಿದ ಮನೆಮದ್ದಿಗಲ್ಲ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮನೆಯಿಂದ ಕೆಲಸ ಮಾಡುತ್ತೇನೆ. ಪಾರ್ಟಿಶನ್‌ನ ಕನ್ಸೋಲ್ ತೆರೆದಿದ್ದಾಗ ಬೆಸ್ಕಾಂ ಕರೆಂಟ್ ಹೋಯಿತು, ವೈಫೈ ಹೋಯಿತು. ಸರ್ವರ್‌ಗೆ ಏನಾದರೂ ಆಗಿರುತ್ತದೆಯೇ? ಎಚ್‌ಎಂಸಿಯೇ ಆಫ್ ಆದರೆ?

ಉತ್ತರ: ಏನೂ ಆಗಲ್ಲ, ಎರಡಕ್ಕೂ. ಎಚ್‌ಎಂಸಿ ಇಲ್ಲದಿದ್ದರೂ ಪಾರ್ಟಿಶನ್‌ಗಳು ಓಡುತ್ತಲೇ ಇರುತ್ತವೆ. ಕನ್ಸೋಲ್ ಇನ್ನೊಬ್ಬರ ಕೈಯಲ್ಲಿದೆ ಅಂತ ಸಿಕ್ಕಿಹಾಕಿಕೊಂಡಿದ್ದರೆ ಎಚ್‌ಎಂಸಿಯಿಂದ ಆ ಟರ್ಮಿನಲ್ ಕ್ಲೋಸ್ ಮಾಡಿ ಮತ್ತೆ ತೆರೆಯಿರಿ. ಮತ್ತೆ ವೈಫೈ ರೂಟರ್‌ಗೆ ಒಂದು ಸಣ್ಣ ಯುಪಿಎಸ್ ತಗೊಳ್ಳಿ, ಈ ಪ್ರಶ್ನೆ ನೀವು ಕಳಿಸಿದ್ದು ಇದೇ ಮೊದಲ ಸಲ ಅಲ್ಲ.