ದೂರದಿಂದ 60, ಹತ್ತಿರ ಹೋದರೆ ಏನೂ ಇಲ್ಲ
ಗ್ಯಾಸ್ ಪೈಪಿನ ಮೀಥೇನ್ ಸೋರಿಕೆ ಹುಡುಕುವ ಲೇಸರ್ ಡಿಟೆಕ್ಟರ್ 30 ಮೀಟರ್ ದೂರದಿಂದ 60 ತೋರಿಸುತ್ತದೆ, ಪೈಪಿನ ಹತ್ತಿರ ಹೋದರೆ ಏನೂ ಇಲ್ಲ ಅಂದಿದ್ದೀರಿ. ಬಹುಶಃ ಅದು ಸೋರಿಕೆಯೇ ಅಲ್ಲ. ಲೇಸರ್ ಅಳೆಯುವುದು ಒಂದು ಜಾಗದ ಮೀಥೇನನ್ನಲ್ಲ, ಕಿರಣ ಹಾದುಹೋದ ದಾರಿಯುದ್ದಕ್ಕೂ ಇರುವುದನ್ನೆಲ್ಲ ಕೂಡಿಸಿ. ಅದಕ್ಕೇ ರೀಡಿಂಗ್ ಪಿಪಿಎಂ-ಮೀಟರಿನಲ್ಲಿ, ಅಂದರೆ ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಗುಣಿಸು ದಾರಿಯ ಉದ್ದದ ಮೀಟರ್ ಲೆಕ್ಕದಲ್ಲಿ, ಇರುತ್ತದೆ. ಬಯಲು ಗಾಳಿಯಲ್ಲೇ ಸುಮಾರು 2 ಪಿಪಿಎಂ ಮೀಥೇನ್ ಇದೆ, 30ರಿಂದ ಗುಣಿಸಿ ನೋಡಿ.

ಮೊದಲು ಅಷ್ಟೇ ದೂರದಲ್ಲಿರುವ, ಪೈಪಿಲ್ಲದ ಗೋಡೆಗೆ ಹಿಡಿಯಿರಿ. ಅಲ್ಲೂ ಅಷ್ಟೇ ಬಂದರೆ ಅದು ಬರೀ ಹಿನ್ನೆಲೆ. ಆಮೇಲೆ 5 ಮೀಟರಿಗೆ ಬಂದು ಜಾಯಿಂಟು, ವಾಲ್ವುಗಳ ಮೇಲೆ ನಿಧಾನವಾಗಿ ಆಡಿಸಿ. 10ರ ಆಸುಪಾಸಿಗೆ ಇಳಿಯಬೇಕು. ಇಳಿಯದೆ ಒಂದೇ ಕಡೆ ಜಿಗಿಯುತ್ತಿದ್ದರೆ ಅಲ್ಲಿ ಸೋಪುನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ಹೊಳೆಯುವ ಸ್ಟೀಲಿನ ಮೇಲೆ ಬಂದ ರೀಡಿಂಗನ್ನು ನಾನಂತೂ ನಂಬುವುದಿಲ್ಲ, ಕೋನ ಬದಲಿಸಿ ಮತ್ತೆ ಹಿಡಿಯಿರಿ. ಗಾಳಿ ಜೋರಾಗಿದ್ದರೆ ಸಣ್ಣ ಸೋರಿಕೆ ಸಿಗದೇ ಹೋಗಬಹುದು. ಗಾಳಿ ನಿಂತ ಮೇಲೆ ಇನ್ನೊಮ್ಮೆ ನೋಡಿ.