ಸ್ಕ್ಯಾನ್ ನಾರ್ಮಲ್, ಮನುಷ್ಯ ಮಾತ್ರ ಮೊದಲಿನಂತಿಲ್ಲ

ಓದುಗರ ಪತ್ರ (ಸಂಕ್ಷಿಪ್ತವಾಗಿ): ನಮ್ಮ ಮನೆ ಮಲ್ಪೆ ಹತ್ತಿರ. ಯಜಮಾನರಿಗೆ 38 ವರ್ಷ, ಪರ್ಸೀನ್ ಮೀನುಗಾರಿಕೆ ಬೋಟುಗಳ ಲೆಕ್ಕ ಬರೆಯುತ್ತಾರೆ. ನಾಲ್ಕು ತಿಂಗಳ ಹಿಂದೆ ಸಂತೆಕಟ್ಟೆಯಲ್ಲಿ ಇವರ ಸ್ಕೂಟರಿಗೆ ಕಾರು ಡಿಕ್ಕಿ ಹೊಡೆಯಿತು. ಸಿಟಿ ಸ್ಕ್ಯಾನ್ ನಾರ್ಮಲ್ ಅಂತ ಎರಡೇ ದಿನದಲ್ಲಿ ಮನೆಗೆ ಕಳಿಸಿದರು. ಡಿಕ್ಕಿಯಾದದ್ದು, ಆಂಬುಲೆನ್ಸ್ ಬಂದದ್ದು ಇವರಿಗೆ ನೆನಪೇ ಇಲ್ಲ. ಮರುದಿನ ಬೆಳಿಗ್ಗೆ ಕಾಫಿ ಕುಡಿದದ್ದರಿಂದ ಈಚೆಗೆ ನೆನಪಿದೆ. ಈಗ ಲೆಕ್ಕ ತಪ್ಪುತ್ತಾರೆ, ಮಕ್ಕಳ ಮೇಲೆ ರೇಗುತ್ತಾರೆ. ಬೂತಾಯಿ ಮೀನು ಹಾಳಾಗಿದ್ದರೂ ವಾಸನೆ ಗೊತ್ತಾಗುವುದಿಲ್ಲ. ಫಿಟ್ಸ್ ಬಾರದಿರಲಿ ಅಂತ ಕೊಟ್ಟ ಲೆವೆಟಿರಾಸಿಟಾಮ್ ಮಾತ್ರೆ ಈಗಲೂ ತಗೊಳ್ಳುತ್ತಿದ್ದಾರೆ. ಗಾಯದ ಸರ್ಟಿಫಿಕೇಟಿನಲ್ಲಿ ‘ಸಾದಾ ಗಾಯ’ ಅಂತಿದೆ. ಪರಿಚಯದವರೊಬ್ಬರು, “ಮೂವತ್ತು ಪರ್ಸೆಂಟ್ ಊನ ಅಂತ ಬರೆದುಕೊಡುವ ಡಾಕ್ಟರ್ ಇದ್ದಾರೆ, ಅದು ಕೈಗೆ ಬಂದ ಮೇಲೆ ಕೇಸು ಹಾಕುವ” ಅನ್ನುತ್ತಾರೆ. ಏನು ಮಾಡಲಿ?

ಸಂಪಾದಕರ ಉತ್ತರ: ಅಕ್ಕಾ, ಆ ಮೂವತ್ತು ಪರ್ಸೆಂಟಿನ ಡಾಕ್ಟರ ಹತ್ತಿರ ಹೋಗಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಯಜಮಾನರ ತಲೆಯ ವಿಷಯ.

ಸಿಟಿ ಸ್ಕ್ಯಾನ್ ನೋಡುವುದು ರಕ್ತಸ್ರಾವ, ಬುರುಡೆ ಬಿರುಕು, ಬಾವು ಇಂಥವನ್ನು. ತಕ್ಷಣ ಆಪರೇಷನ್ ಬೇಕಾ ಅಂತ ತಿಳಿಯಲು ಅದು ಸಾಕು. ಆದರೆ ತಲೆ ಜೋರಾಗಿ ಅಲುಗಿದಾಗ ಮೆದುಳಿನ ಸಣ್ಣ ಸಣ್ಣ ನರದ ಎಳೆಗಳಿಗೆ ಆಗುವ ಪೆಟ್ಟು ಅದರಲ್ಲಿ ಕಾಣುವುದು ಕಡಿಮೆ. ಎಂಆರ್‌ಐನಲ್ಲಿ, ಅದರಲ್ಲೂ ಎಸ್‌ಡಬ್ಲ್ಯುಐ ಎಂಬ ಬಗೆಯಲ್ಲಿ, ಸೂಕ್ಷ್ಮ ರಕ್ತಸ್ರಾವದ ಗುರುತು ಸಿಗಬಹುದು. ಸಿಗದೆಯೂ ಇರಬಹುದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೂತಾಯಿಯ ಮಾತು. ಮೂಗಿನ ಮೇಲ್ಭಾಗದ ಎಲುಬಿನಲ್ಲಿ ಜರಡಿಯ ಹಾಗೆ ತೂತುಗಳಿವೆ. ವಾಸನೆಯ ನರಗಳು ಅದರ ಮೂಲಕವೇ ಮೇಲೆ ಹೋಗುವುದು. ತಲೆಗೆ ಪೆಟ್ಟಾದಾಗ ಅವು ಹರಿಯುವುದುಂಟು. ಅದರ ನೇರ ಮೇಲಿರುವುದು ಮೆದುಳಿನ ಮುಂಭಾಗ. ಸಿಟ್ಟು ತಡೆಯುವುದು, ಕೆಲಸವನ್ನು ಒಂದರ ನಂತರ ಒಂದು ಜೋಡಿಸಿಕೊಳ್ಳುವುದು ಆ ಭಾಗದ ಕೆಲಸ. ಹಾಗಾಗಿ ವಾಸನೆ ಹೋದದ್ದು, ರೇಗುವುದು, ಲೆಕ್ಕ ತಪ್ಪುವುದು ಮೂರೂ ಒಂದೇ ಪೆಟ್ಟಿನಿಂದ ಆಗಿರಬಹುದು. ಇದನ್ನು ಡಾಕ್ಟರಿಗೆ ಹೇಳಿದ್ದೀರಾ? ಹೆಚ್ಚಿನವರು ಹೇಳುವುದಿಲ್ಲ, ಅವರೂ ಕೇಳುವುದಿಲ್ಲ. ಹೇಳಿ, ಚೀಟಿಯಲ್ಲಿ ಬರೆಸಿ. ಮನೆಯಲ್ಲಿ ಗ್ಯಾಸ್ ಸೋರಿದರೆ ಅವರಿಗೆ ಗೊತ್ತಾಗದು, ಅದೂ ನೆನಪಿರಲಿ.

ಮರುದಿನದವರೆಗೆ ನೆನಪಿಲ್ಲದ ವಿಷಯವನ್ನೂ ಬರೆಸಿ. ಆಸ್ಪತ್ರೆಯಲ್ಲಿ ಮಾತಾಡಿಸಿದಾಗ ಸರಿಯಾಗಿ ಉತ್ತರಿಸಿದರೆ ಎಚ್ಚರದ ಮಟ್ಟ ಅಳೆಯುವ ಗ್ಲಾಸ್ಗೋ ಅಂಕ 15ಕ್ಕೆ 15 ಬೀಳುತ್ತದೆ. ಆಮೇಲೆ ವಿಮಾ ಕಂಪನಿಯ ವಕೀಲರು ಅದನ್ನೇ ಹಿಡಿದು ಕೂರುತ್ತಾರೆ. ಆದರೆ ಮಾತಾಡಿದ ಮನುಷ್ಯನಿಗೆ ಆ ಮಾತು ನೆನಪಿಲ್ಲ ಅಂದರೆ ಪೆಟ್ಟು ಒಳಗೆ ಮುಟ್ಟಿದೆ ಅಂತಲೇ ಅರ್ಥ. ನೆನಪು ಎಷ್ಟು ಹೊತ್ತು ನಿಲ್ಲಲಿಲ್ಲ ಎಂಬುದು ಪೆಟ್ಟಿನ ತೀವ್ರತೆಯ ಒಂದು ಅಳತೆ.

ಇನ್ನು ಆ ಮಾತ್ರೆ. ಲೆವೆಟಿರಾಸಿಟಾಮ್ ಕೆಲವರಲ್ಲಿ ಕಿರಿಕಿರಿ, ಸಿಟ್ಟು ಜಾಸ್ತಿ ಮಾಡುತ್ತದೆ. ತಲೆಗೆ ದೊಡ್ಡ ಪೆಟ್ಟಾದವರಿಗೂ, ಫಿಟ್ಸ್ ಬಾರದಿದ್ದರೆ, ಮುನ್ನೆಚ್ಚರಿಕೆಗಾಗಿ ಕೊಡುವುದು ಸಾಮಾನ್ಯವಾಗಿ ಒಂದು ವಾರ. ನಿಮ್ಮವರಿಗೆ ನಾಲ್ಕು ತಿಂಗಳು ಯಾಕೆ ಅಂತ ನ್ಯೂರಾಲಜಿಸ್ಟರನ್ನೇ ಕೇಳಿ. ನೀವಾಗಿ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ.

ಮುಖ್ಯವಾಗಿ ಬೇಕಾದದ್ದು ನ್ಯೂರೋಸೈಕಾಲಜಿ ಪರೀಕ್ಷೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎದುರು ಕೂರಿಸಿ ಗಮನ, ನೆನಪು, ಲೆಕ್ಕ, ಯೋಚನೆಯ ವೇಗ ಎಲ್ಲ ಅಳೆಯುತ್ತಾರೆ. ಕೆಲವು ಗಂಟೆ ಹಿಡಿಯುತ್ತದೆ. ಬೇಕೆಂದೇ ತಪ್ಪು ಉತ್ತರ ಕೊಡುತ್ತಿದ್ದಾರಾ ಎಂದು ಪತ್ತೆ ಮಾಡುವ ದಾರಿಗಳೂ ಅವರ ಹತ್ತಿರ ಇವೆ. ನಿಮ್ಮವರು ನಾಟಕ ಮಾಡುತ್ತಿಲ್ಲ ಅಂತ ತೋರಿಸಲು ಅದೇ ಅನುಕೂಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನವರು ನಮ್ಮ ಜನರಿಗೆಂದೇ ಇಂಥ ಪರೀಕ್ಷೆಗಳ ಗುಚ್ಛ ಸಿದ್ಧಪಡಿಸಿದ್ದಾರೆ.

ಚಿಕಿತ್ಸೆಯೂ ಅಲ್ಲಿಂದಲೇ ಶುರು. ಇದಕ್ಕೆ ಅಂತ ಒಂದು ಮಾತ್ರೆ ಇಲ್ಲ. ತಲೆನೋವು, ನಿದ್ದೆ, ತಲೆಸುತ್ತು ಇದ್ದರೆ ಒಂದೊಂದಕ್ಕೂ ಬೇರೆ ಔಷಧ, ವ್ಯಾಯಾಮ. ನೆನಪು, ಗಮನಕ್ಕೆ ತರಬೇತಿ. ಕೆಲಸಕ್ಕೆ ನಿಧಾನವಾಗಿ ಮರಳಬೇಕು. ಮೊದಲು ಒಂದು ಬೋಟಿನ ಲೆಕ್ಕ, ಆಮೇಲೆ ಎರಡು. ಸುಮ್ನೆ ತಿಂಗಳುಗಟ್ಟಲೆ ಮಲಗಿಸಿದರೆ ಉಪಯೋಗವಿಲ್ಲ. ಕುಡಿತ ಬೇಡವೇ ಬೇಡ. ತಲೆನೋವು ದಿನದಿಂದ ದಿನಕ್ಕೆ ಹೆಚ್ಚಿದರೆ, ಮಂಪರು ಬಂದರೆ, ಕೈಕಾಲು ಸೋತರೆ ತಡಮಾಡದೆ ಮತ್ತೆ ಸ್ಕ್ಯಾನ್ ಮಾಡಿಸಿ.

ಈಗ ಕೇಸು. 2011ರಲ್ಲಿ ವರದಿಯಾದ ರಾಜ್‌ಕುಮಾರ್–ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿದೆ. ಒಂದು, ಚಿಕಿತ್ಸೆ ಕೊಡದ ಡಾಕ್ಟರು ಸರಿಯಾಗಿ ಪರೀಕ್ಷಿಸದೆ ಕೊಡುವ ಸಿದ್ಧ ಸರ್ಟಿಫಿಕೇಟುಗಳ ಬಗ್ಗೆ ಅಪಘಾತ ಪರಿಹಾರದ ನ್ಯಾಯಮಂಡಳಿ ಎಚ್ಚರವಾಗಿರಬೇಕು. ನಿಮ್ಮ ಪರಿಚಯದವರು ಹೇಳುವ ಸರ್ಟಿಫಿಕೇಟು ಇಂಥದ್ದೇ. ಇನ್ನೊಂದು, ದೇಹದ ಊನದ ಪರ್ಸೆಂಟೇ ದುಡಿಮೆಯ ನಷ್ಟದ ಪರ್ಸೆಂಟ್ ಅಲ್ಲ. ಎಡಗೈ ಹೋದ ಡ್ರೈವರಿಗೆ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ, ಸರ್ಕಾರಿ ಗುಮಾಸ್ತರಿಗೆ ಕೆಲಸ ಉಳಿಯಬಹುದು. ಲೆಕ್ಕ ಬರೆಯುವವರಿಗೆ ಗಮನ ಕೆಟ್ಟರೆ ಏನಾಗುತ್ತದೆ ಅಂತ ನೀವೇ ನೋಡುತ್ತಿದ್ದೀರಲ್ಲ.

ಉದಾಹರಣೆಗೆ, ತಿಂಗಳಿಗೆ 20,000 ಆದಾಯ ಅಂತಿಟ್ಟುಕೊಳ್ಳಿ. ಪರಿಹಾರಕ್ಕೆ ವರ್ಷದ ನಷ್ಟವನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸುತ್ತಾರೆ, 38 ವರ್ಷಕ್ಕೆ ಅದು 15. ದುಡಿಮೆಯ ನಷ್ಟ ಶೇ 5 ಎಂದರೆ 1.8 ಲಕ್ಷ, ಶೇ 20 ಎಂದರೆ 7.2 ಲಕ್ಷ. ಅದಕ್ಕೇ ಹಳೆಯ ಲೆಕ್ಕದ ಪುಸ್ತಕಗಳನ್ನೂ ಅಪಘಾತದ ನಂತರದ್ದನ್ನೂ ಜೋಪಾನವಾಗಿಡಿ. ತಿದ್ದಿದ್ದು, ಹೊಡೆದುಹಾಕಿದ್ದು ಎಲ್ಲ ಹಾಗೇ ಇರಲಿ. ಬೋಟಿನ ಮಾಲಕರು ಸಾಕ್ಷಿಗೆ ಬಂದರೆ ಇನ್ನೂ ಒಳ್ಳೆಯದು.

‘ಸಾದಾ ಗಾಯ’ ಅಂತ ಬರೆದದ್ದಕ್ಕೆ ಎದೆಗುಂದಬೇಡಿ. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ 15 ದಿನ ದಿನನಿತ್ಯದ ಕೆಲಸ ಮಾಡಲಾಗದಂತೆ ಮಾಡಿದ ಗಾಯವೂ ತೀವ್ರ ಗಾಯವೇ.

ಪರಿಹಾರದ ಅರ್ಜಿ ಹಾಕಲು ಮಾತ್ರ ತಡಮಾಡಬೇಡಿ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಬಂದಿದೆ. ಅದನ್ನು ಪ್ರಶ್ನಿಸಿ ಕೆಲವರು ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ, ಆದರೆ ಅದನ್ನು ನಂಬಿ ಕೂರುವುದು ಬೇಡ. ಮೆದುಳಿನ ಪೆಟ್ಟು ಒಂದೆರಡು ವರ್ಷದವರೆಗೂ ಸುಧಾರಿಸುತ್ತಾ ಹೋಗಬಹುದು. ಎಷ್ಟು ಊನ ಉಳಿಯಿತು ಅಂತ ಸಾಕ್ಷ್ಯದ ಹಂತದಲ್ಲಿ ತೋರಿಸಿದರಾಯಿತು. ಉಡುಪಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು, ಡಿಕ್ಕಿಯೂ ಇಲ್ಲೇ ಆದದ್ದು, ನಿಮ್ಮ ಮನೆಯೂ ಇಲ್ಲೇ.

ನಡುವೆ ರಾಜಿ ಮಾಡಿಸುವ ಲೋಕ ಅದಾಲತ್‌ಗೆ ಕರೆದು ವಿಮಾ ಕಂಪನಿಯವರು ಒಂದು ಮೊತ್ತ ಹೇಳಬಹುದು. ನ್ಯೂರೋಸೈಕಾಲಜಿ ವರದಿಯನ್ನು ನಿಮ್ಮ ವಕೀಲರು ಓದುವ ಮೊದಲು ಸಹಿ ಹಾಕಬೇಡಿ. ಅಲ್ಲಿ ಆದ ರಾಜಿಯ ಮೇಲೆ ಅಪೀಲು ಇಲ್ಲ.