ಎಡ ಎಂಜಿನ್ನೇ ಯಾಕೆ ಕ್ರಿಟಿಕಲ್?

ಪ್ರಶ್ನೆ: ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮುಗಿಸಿದ್ದೇನೆ. ಮಲ್ಟಿ ಎಂಜಿನ್ ರೇಟಿಂಗ್ (ಒಂದಕ್ಕಿಂತ ಹೆಚ್ಚು ಎಂಜಿನ್ನಿನ ವಿಮಾನ ಹಾರಿಸುವ ಅರ್ಹತೆ) ಮಾಡಿದ್ದು ಎರಡು ಎಂಜಿನ್ನಿನ ಪೈಪರ್ ಸೆನೆಕಾದಲ್ಲಿ. ಸಂದರ್ಶನದಲ್ಲಿ ‘ನಿಮ್ಮ ವಿಮಾನದ ಕ್ರಿಟಿಕಲ್ ಎಂಜಿನ್ ಯಾವುದು?’ ಎಂದು ಕೇಳಿದರು. ‘ಎಡಗಡೆಯದು’ ಅಂದೆ. ತಪ್ಪು ಅಂದರು. ಓದಿದ್ದು ಹಾಗೇ ಅಲ್ವಾ ಸರ್?

ಉತ್ತರ: ಓದಿದ್ದು ಸರಿ, ಆದರೆ ಅದು ನಿಮ್ಮ ವಿಮಾನದ ಮಾತಲ್ಲ. ಯಾವ ಎಂಜಿನ್ ಕೆಟ್ಟರೆ ವಿಮಾನವನ್ನು ಹಿಡಿತದಲ್ಲಿಡುವುದು ಹೆಚ್ಚು ಕಷ್ಟವೋ ಅದೇ ಕ್ರಿಟಿಕಲ್ ಎಂಜಿನ್. ಕಾರಣ ಗೊತ್ತಿದ್ದಿದ್ದರೆ ನೀವು ಸಿಕ್ಕಿಬೀಳುತ್ತಿರಲಿಲ್ಲ.

ಬೀಚ್‌ಕ್ರಾಫ್ಟ್ ಬ್ಯಾರನ್, ಡೈಮಂಡ್ ಡಿಎ42 ತಗೊಳ್ಳಿ. ಕಾಕ್‌ಪಿಟ್‌ನಿಂದ ನೋಡಿದರೆ ಎರಡೂ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನಂತೆ ಬಲಕ್ಕೇ ತಿರುಗುತ್ತವೆ. ಮೂಗು ಮೇಲೆದ್ದಾಗ, ಕೆಳಗಿಳಿಯುವ ಬ್ಲೇಡ್ ಗಾಳಿಯನ್ನು ಜಾಸ್ತಿ ಕಚ್ಚುತ್ತದೆ. ಎರಡೂ ಪ್ರೊಪೆಲ್ಲರ್‌ಗಳಲ್ಲಿ ಅದಿರುವುದು ಬಲಗಡೆ. ಹಾಗಾಗಿ ಬಲ ಎಂಜಿನ್ನಿನ ಎಳೆತ ವಿಮಾನದ ನಡುವಿನಿಂದ ದೂರ ಸರಿಯುತ್ತದೆ, ಎಡದ್ದು ಹತ್ತಿರ ಬರುತ್ತದೆ. ಬಾಗಿಲನ್ನು ಕೀಲಿನ ಪಕ್ಕ ತಳ್ಳಿ ನೋಡಿ, ಆಮೇಲೆ ತುದಿಯಲ್ಲಿ ತಳ್ಳಿ ನೋಡಿ. ಅದೇ ಲೆಕ್ಕ. ಎಡ ಎಂಜಿನ್ ಕೆಟ್ಟರೆ, ತುದಿಯಿಂದ ಎಳೆಯುವ ಬಲ ಎಂಜಿನ್ ಮೂಗನ್ನು ಜೋರಾಗಿ ಎಡಕ್ಕೆ ತಿರುಗಿಸುತ್ತದೆ. ಅದಕ್ಕೇ ಅಲ್ಲಿ ಎಡದ್ದು ಕ್ರಿಟಿಕಲ್.

ಸೆನೆಕಾದಲ್ಲಿ ಬಲ ಪ್ರೊಪೆಲ್ಲರ್ ಉಲ್ಟಾ ತಿರುಗುತ್ತದೆ. ಎರಡರಲ್ಲೂ ಇಳಿಯುವ ಬ್ಲೇಡ್ ಒಳಮಗ್ಗುಲಲ್ಲೇ ಇದೆ. ಯಾವುದು ಕೆಟ್ಟರೂ ಕಷ್ಟ ಒಂದೇ. ಅಂದರೆ ಕ್ರಿಟಿಕಲ್ ಎಂಜಿನ್ ಅನ್ನುವುದೇ ಇಲ್ಲ.

ಇದರ ಬೆನ್ನಿಗೇ ಬರುವುದು ವಿಎಂಸಿಎ, ಏರ್‌ಸ್ಪೀಡ್ ಮೀಟರ್ ಮೇಲಿನ ಕೆಂಪು ಗೆರೆ. ಒಂದು ಎಂಜಿನ್ ಕೆಟ್ಟಾಗ ದಿಕ್ಕನ್ನು ಹಿಡಿದಿಡಲು ಬೇಕಾದ ಕನಿಷ್ಠ ವೇಗ. ಅದನ್ನು ಅಳೆಯುವ ಸ್ಥಿತಿಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ಪ್ರತಿಯೊಂದಕ್ಕೂ ‘ಯಾಕೆ’ ಕೇಳಿಕೊಳ್ಳಿ. ಸಿಜಿ (ವಿಮಾನದ ತೂಕದ ಕೇಂದ್ರ) ಹಿಂದಿದ್ದರೆ ಯಾಕೆ ಕೆಟ್ಟದ್ದು? ಬಾಲದಲ್ಲಿದ್ದು ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್‌ಗೂ ಸಿಜಿಗೂ ನಡುವಿನ ದೂರ ಕಡಿಮೆಯಾಗಿ ರಡ್ಡರ್‌ನ ಹಿಡಿತ ಸಡಿಲವಾಗುತ್ತದೆ. ಎತ್ತರಕ್ಕೆ ಹೋದರೆ? ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ, ವಿಎಂಸಿಎ ಕೂಡ ಇಳಿಯುತ್ತದೆ. ಆದರೆ ಮೀಟರ್‌ನಲ್ಲಿ ಕಾಣುವ ಸ್ಟಾಲ್ ವೇಗ (ಇದಕ್ಕಿಂತ ಇಳಿದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು) ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಎರಡೂ ಸೇರುವ ಎತ್ತರದಲ್ಲಿ ವಿಮಾನ ಒಮ್ಮೆಲೇ ತಿರುಗಿ ಸ್ಟಾಲ್ ಆಗಬಹುದು. ಅದು ಸ್ಪಿನ್ನಿಗೆ, ಅಂದರೆ ಗಿರಕಿ ಹೊಡೆಯುತ್ತಾ ಬೀಳುವುದಕ್ಕೆ, ದಾರಿ. ಇದು ನಿಜಕ್ಕೂ ಪ್ರಾಣ ತೆಗೆಯುವ ವಿಷಯ, ಸಂದರ್ಶನಕ್ಕಷ್ಟೇ ಅಲ್ಲ. ನಿಮ್ಮದು ಸೆನೆಕಾ 2 ಅಥವಾ ನಂತರದ್ದಾದರೆ ಟರ್ಬೊ ಇದೆ. ಒಂದು ಎತ್ತರದವರೆಗೆ ಶಕ್ತಿ ಕುಗ್ಗದು, ಉತ್ತರವೂ ಬದಲಾಗುತ್ತದೆ.

‘ಒಂದು ಎಂಜಿನ್ ಹೋದರೆ ಏರುವ ಶಕ್ತಿ ಅರ್ಧವಾಗುತ್ತದೆ’ ಎಂದು ಮಾತ್ರ ಹೇಳಬೇಡಿ. ಶಕ್ತಿ ಅರ್ಧ ಹೋಗುತ್ತದೆ, ಏರುವ ದರ ಶೇ 80ಕ್ಕೂ ಜಾಸ್ತಿ ಹೋಗಬಹುದು. ಹಾರಾಟಕ್ಕೆ ಬೇಕಾದ್ದು ಕಳೆದು ಉಳಿದ ಶಕ್ತಿಯಿಂದ ಮಾತ್ರ ವಿಮಾನ ಏರುವುದು.

ಫೆದರಿಂಗ್ (ಕೆಟ್ಟ ಎಂಜಿನ್ನಿನ ಬ್ಲೇಡ್‌ಗಳು ಗಾಳಿಗೆ ಅಡ್ಡ ಬರದಂತೆ ಅವುಗಳ ಅಂಚನ್ನು ಗಾಳಿಯ ಕಡೆಗೆ ತಿರುಗಿಸುವುದು) ಕೂಡ ನೋಡಿಕೊಳ್ಳಿ. ಸೆನೆಕಾದಲ್ಲಿ ಆಯಿಲ್ ಒತ್ತಡ ಹೋದರೆ ಬ್ಲೇಡ್ ಫೆದರ್ ಕಡೆಗೆ ತಿರುಗುತ್ತದೆ. ಹಾಗಾದರೆ ನೆಲದ ಮೇಲೆ ಎಂಜಿನ್ ಆಫ್ ಮಾಡಿದಾಗ ಯಾಕೆ ಫೆದರ್ ಆಗುವುದಿಲ್ಲ? ಆರ್‌ಪಿಎಂ ಇಳಿದಾಗ ಒಂದು ಲಾಕ್ ಪಿನ್ ಬಿದ್ದು ತಡೆಯುತ್ತದೆ. ಅದು ಎಷ್ಟು ಆರ್‌ಪಿಎಂನಲ್ಲಿ ಅನ್ನುವುದನ್ನು ನಿಮ್ಮ ವಿಮಾನದ ಕೈಪಿಡಿಯಲ್ಲೇ ನೋಡಿಕೊಂಡು ಹೋಗಿ.